ಸಮುದ್ರದ ದಂಡಿಗಿ ಹೊಂಟೀನ್ರೀ

ರೀ,

ನೀವು ತೀರಿಕೊಂಡ ಮ್ಯಾಲೂ ನಿಮಗ ಸುದ್ದಿ ಹೇಳೂ ಚಟ ಹೋಗವಲ್ದು. ದೀಪಾವಳಿ ಆದ ಮ್ಯಾಲ ನಾನು, ಮಗಳು ಶೀತಲ್ ಕೂಡಿ ದೀವ್ ಅನ್ನೂ ದ್ವೀಪಕ್ಕ ಹೊಂಟೀವಿ. ಏನ್ ಮಾಡಾಕ ಅಂತೀರೇನು? ಏನೂ ಮಾಡಾಕಲ್ಲ. ಸಮುದ್ರದ ದಂಡಿಗಿ ಸುಮ್ನ ಕುಂದ್ರಾಕ.

ಇವತ್ತ ಮುಂಜಾನೆ ಅಲ್ಲಿ ಲಾಡ್ಜಿಗೆ ನಾನ ಫೋನ್ ಹಚ್ಚಿದ್ದೆ. ನನ್ನ ಹರಕ ಹಿಂದಿಯಾಗ, ಸಮುದ್ರ ಕಾಣೂ ಖೋಲಿ ಬೇಕು ಅಂದೆ. ಆ ಮನಷ್ಯಾ ಅಂಜಿ, "ಅಮ್ಮಾ, ಯಾಕ ಸಿಟ್ಟಾಗೀರಿ?" ಅಂದ. ಶೀತಲ್ ಬಿದ್ದು ಬಿದ್ದು ನಕ್ಕಳು. "ಯವ್ವಾ, ಸಾವಕಾಶ ಮಾತಾಡ ಬೇ, ಮಗ್ಗ ಬಂದ್ ಅದಾವು!" ನೀವು ಹೋದಾಗಿಂದ ಮಗ್ಗ ನಿಂತಾವು, ನನ್ನ ಗಂಟಲು ನಿಂತಿಲ್ಲ.

ನಾನೂ ನಕ್ಕೆ. ಆಮ್ಯಾಲ ನೀವು ನೆನಪಾದ್ರಿ. ಆ ಮಗ್ಗದ ಖಟಖಟದಾಗ ನಾವಿಬ್ರೂ ಒದರಿಕೋತನ ಬಾಳೇವು ಮಾಡಿದ್ವಿ. "ರೀ, ನೂಲು ಹರೀತು! ರೀ, ಉಣ್ಣಾಕ ಬರ್ರಿ!" ಗಂಡನ ಹೆಸರು ಹೇಳಬಾರದು ಅಂತ ಅತ್ತಿಯಾರು ಕಲಿಸಿದ್ರು. ಆ ಸಪ್ಪಳದಾಗ ಹೇಳಿದ್ರೂ ಯಾರಿಗೆ ಕೇಳತಿತ್ತು? ಆದ್ರೂ ಹೇಳಲಿಲ್ಲ.

"ಅಲ್ಲಿ ಭಾಳ ಸಪ್ಪಳ ಐತೇನ್ರಿ?" ಅಂತ ಈ ಸಲ ಲಾಡ್ಜಿನಂವಗ ಮೆಲ್ಲಕ ಕೇಳಿದೆ. ಅಂವ ಫೋನ್ ಕಿಡಕಿ ಹೊರಗ ಹಿಡದ. ಸಮುದ್ರ, ಮಲಗಿದವರು ಉಸಿರಾಡಿದಂಗ ಕೇಳಿಸ್ತು, ಅಷ್ಟ.

ಖೋಲಿ ಹಿಡದೀನ್ರಿ. ಅಲ್ಲಿ ಮುಟ್ಟಿದ ದಿನಾನ ಸಂಜಿಮುಂದ ದಂಡಿಗಿ ಕುಂತು, ನಿಮ್ಮ ಹೆಸರು ಒಮ್ಮೆ ಮೆಲ್ಲಕ ಕರೀತೀನಿ. ನೀವು ಓ ಅನ್ನದಿದ್ರೂ ನಡೀತೈತ್ರಿ, ಕೇಳಿಸ್ಕೊಂಡ್ರ ಸಾಕು.