ಎಲ್ಲ ಗೆರೆಯೂ ಬೆಳಗಿದ ಸಾಲು

ಗುರುವಾರ, ಸಂಜೆ

ನನ್ನ ಪುಟ್ಟಿಗೆ,

ಅಮ್ಮನ ಆಶೀರ್ವಾದ. ನಾನು ಕ್ಷೇಮ ಅಂತ ಬರೆಯೋದು ವಾಡಿಕೆ. ಕ್ಷೇಮವಾಗೇ ಇದ್ದೇನೆ ಕಣೇ, ಈಗ ಭಯ ಆಗ್ತಿರೋದೂ ಅದಕ್ಕೇ.

ನೀನು ಫೋನ್ ಎತ್ತುತ್ತಿಲ್ಲ. ಬಂದರೆ ಬಾಗಿಲು ತೆಗೆಯೋದಿಲ್ಲ ಅಂದಿದ್ದೀಯ. ಅದಕ್ಕೇ ನಿಮ್ಮ ಪಕ್ಕದ ಮನೆ ದರ್ಜಿಯ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ಸಿಟ್ಟು ಬಂದರೂ ಹರಿಯಬೇಡ, ಕೊನೆವರೆಗೂ ಓದು.

ಅವತ್ತು ನಿನ್ನ ಲ್ಯಾಬಿಗೆ ಕರೆಸಿ ತೋರಿಸಿದೆಯಲ್ಲ, ಆ ಕಪ್ಪು ಚಿತ್ರ ಕಣ್ಣಿಂದ ಹೋಗುತ್ತಿಲ್ಲ. ಆಸ್ಪತ್ರೆಯಲ್ಲಿ ನನ್ನ ಅಡುಗೆ ಉಂಡು ರೋಗಿಗಳು ವಾಂತಿ ಭೇದಿಗೆ ಬಿದ್ದರು, ಪಾಪ ಒಬ್ಬ ಅಜ್ಜ ಹೋಗೇಬಿಟ್ಟರು. ಆಗ ಸಿಕ್ಕ ಕ್ರಿಮಿಗಳ ಚಿತ್ರ ಅದು. ಹೆಸರು ಒಂದೇ ಆದರೂ ಎಲ್ಲ ಒಂದೇ ಥರ ಅಲ್ಲಮ್ಮ ಅಂತ ನೀನು ಬಿಡಿಸಿ ಹೇಳಿದೆ. ಒಂದೊಂದು ಸಾಲು ಒಂದೊಂದು ಕಡೆ ಸಿಕ್ಕ ಕ್ರಿಮಿಯದು. ಸಾಲಿನಲ್ಲಿ ಬೆಳಗುವ ಒಂದೊಂದು ಗೆರೆ ಕ್ರಿಮಿಯ ಒಂದೊಂದು ಆಯುಧದ ಜೀನಂತೆ: ಕರುಳಿಗೆ ಅಂಟಿಕೊಳ್ಳೋಕೆ ಒಂದು, ಒಳಗೆ ನುಗ್ಗೋಕೆ ಒಂದು, ವಿಷ ಕಾರೋಕೆ ಒಂದು, ಹೀಗೆ. ಮಾಂಸ ಕೊಚ್ಚುವ ಹಲಗೆಯದಕ್ಕೆ ಎರಡೇ ಗೆರೆ, ಮೋರಿಯದಕ್ಕೆ ಮೂರು. ಹೋಲಿಸಿ ನೋಡೋಕೆ ಅಂತ ಬರೀ ನೀರು ಹಾಕಿದ ಕೊನೆಯ ಸಾಲು ಪೂರ್ತಿ ಕತ್ತಲೆ. ರೋಗಿಗಳ ಸಾಲಲ್ಲಿ ಮಾತ್ರ ಎಲ್ಲ ಗೆರೆಯೂ ಬೆಳಗುತ್ತಿತ್ತು.

ಆಮೇಲೆ ನೀನು ಲ್ಯಾಬಿನ ಫ್ರೀಜರಿನಲ್ಲಿ ಕಾದಿಟ್ಟ ಹಳೆಯ ಕ್ರಿಮಿಯೊಂದರ ಚಿತ್ರವನ್ನು ಅದರ ಪಕ್ಕದಲ್ಲಿಟ್ಟೆ. ಇಷ್ಟೂ ಗೆರೆ ಒಟ್ಟಿಗೆ ಇರೋದು ಇನ್ನು ಇದೊಂದರಲ್ಲೇ ಅಂದೆ. ಎಷ್ಟೋ ವರ್ಷದ ಹಿಂದೆ ಬೇರೆ ಊರಿನ ಹಾಸ್ಟೆಲಿನಲ್ಲಿ ಮಕ್ಕಳು ಹೀಗೇ ಕಾಯಿಲೆ ಬಿದ್ದಾಗ ಸಿಕ್ಕಿದ್ದು. ಆಗ ಅಲ್ಲಿ ಅಡುಗೆಗೆ ಇದ್ದವರು ಯಾರಮ್ಮಾ ಅಂತ ನೀನು ಮೆಲ್ಲಗೆ ಕೇಳಿದೆ. ನಾನು ನಕ್ಕುಬಿಟ್ಟೆ. ನನ್ನನ್ನು ಬಿಟ್ಟು ಇನ್ಯಾರೇ ಅಂದೆ. ನೀನು ನಗಲಿಲ್ಲ. ಆ ಸಂಜೆಯಿಂದ ನಿನ್ನ ಮಗುವನ್ನು ಮುಟ್ಟೋಕೆ ನನ್ನನ್ನು ಬಿಡಲಿಲ್ಲ.

ತಾವು ಕಾಯಿಲೆ ಬೀಳದೇನೇ ಕ್ರಿಮಿಯನ್ನು ಹೊಟ್ಟೆಯಲ್ಲಿ ಸಾಕಿಕೊಂಡಿರುವವರು ಇರ್ತಾರಂತೆ. ನಾನೋ, ಒಂದು ದಿನ ಜ್ವರ ಅಂತ ಮಲಗಿದವಳಲ್ಲ. ಕೆಲಸದಿಂದ ತೆಗೆದರು, ಮನೆಗೆ ಬಂದೆ. ಸೋಪು ಹಾಕಿ ಹಾಕಿ ಕೈ ತೊಳೆದೆ. ಬೆಕ್ಕಿಗೆ ಹಾಲು ಹಾಕೋಕೂ ಹೆದರಿದೆ. ಅದು ಖಾಲಿ ತಟ್ಟೆಯ ಮುಂದೆ ಕೂತು ನನ್ನನ್ನೇ ನೋಡ್ತಿತ್ತು. ಕಣ್ಣು ಮುಚ್ಚಿದರೆ ನಾನು ಉಣಿಸಿದ ಮಕ್ಕಳೆಲ್ಲ ಸಾಲಾಗಿ ನಿಂತು ತಟ್ಟೆ ಚಾಚುತ್ತಿದ್ದರು.

ಹೊಟ್ಟೆ ಉರೀತು, ಸುಳ್ಳು ಯಾಕೆ ಹೇಳಲಿ. ಹೆತ್ತ ಮಗಳೇ ಹೀಗೆ ಮಾಡಿದಳಲ್ಲ ಅಂತ ಅತ್ತೆ. ಆದರೆ ನೀನು ಮಾಡಿದ್ದೇ ಸರಿ. ಮಗುವಿಗಿಂತ ಯಾರೂ ಹೆಚ್ಚಲ್ಲ, ಅದನ್ನು ನೆನಪಿಟ್ಟುಕೋ.

ನಾಳೆ ಅವನಿಗೆ ಮೊದಲ ತುತ್ತು ಕೊಡ್ತೀಯ ಅಂತ ದರ್ಜಿ ಹೇಳಿದ. ನನ್ನದೊಂದು ಮಾತು ನಡೆಸಿಕೊಡು. ಬಾಳೆಹಣ್ಣನ್ನು ಅಳಿಯಂದಿರೇ ಕಿವುಚಲಿ, ಅವರೇ ತಿನ್ನಿಸಲಿ. ಉಪ್ಪು ಯಾವುದು, ಸಕ್ಕರೆ ಯಾವುದು ಅಂತ ಗೊತ್ತಾಗದ ಮನುಷ್ಯ, ಆದರೂ ಅಷ್ಟು ಮಾಡಿಯಾರು. ನೀನು ಅಡುಗೆಮನೆಗೇ ಹೋಗಬೇಡ. ಯಾಕೆ ಅಂತ ಬರೆಯೋಕೆ ಕೈ ಬರ್ತಿಲ್ಲ.

ನಿನ್ನ ಮೇಲೆ ಎಳ್ಳಷ್ಟೂ ಸಿಟ್ಟಿಲ್ಲದ,
ಅಮ್ಮ

ವಿ.ಸೂ.: ಬರೆಯದೆ ವಿಧಿಯಿಲ್ಲ. ಸ್ವಂತದವರ ಪರೀಕ್ಷೆ ನೀನು ಮಾಡುವಂತಿಲ್ಲ ಅಂತ ನನ್ನ ಪರೀಕ್ಷೆಯನ್ನು ಲ್ಯಾಬಿನ ನಿನ್ನ ಜೊತೆಯವಳು ಮಾಡಿದಳಲ್ಲ, ಇವತ್ತು ಅದರ ಚಿತ್ರ ಕೊಟ್ಟಳು. ಮತ್ತೆ ಮತ್ತೆ ಮಾಡಿ ನೋಡಿದಳಂತೆ. ನನ್ನ ಸಾಲು ಆ ನೀರಿನ ಸಾಲಿನ ಹಾಗೇ ಕತ್ತಲೆ, ನನ್ನಲ್ಲಿ ಆ ಕ್ರಿಮಿಯೇ ಇಲ್ಲವಂತೆ. ಕುಣಿದಾಡಬೇಕಿತ್ತು, ಈ ಕಾಗದ ಬರೆಯೋಕೆ ಕೂತೆ. ಹಾಸ್ಟೆಲಿನಲ್ಲಿ ಶಾಲೆ ಬಿಟ್ಟು ಬಂದು ಹಾಲಿಗೆ ಹಣ್ಣು ಹೆಚ್ಚಿ ಕಲಸುತ್ತಿದ್ದವಳು ನೀನು. ಹೆರಿಗೆ ರಜೆಯಲ್ಲಿ ಬೇಜಾರು ಅಂತ ಆಸ್ಪತ್ರೆಯ ಅಡುಗೆಮನೆಗೆ ಬಂದು, ರೋಗಿಗಳು ಉಂಡು ಕಾಯಿಲೆ ಬಿದ್ದ ಆ ದಿನ ಮೊಸರಿಗೆ ಸೌತೆಕಾಯಿ ಕಲಸಿಕೊಟ್ಟವಳೂ ನೀನೇ. ಎರಡೂ ಕಡೆ ಇದ್ದವರು ನಾವಿಬ್ಬರೇ. ನೀನೂ ಒಂದು ದಿನ ಜ್ವರ ಅಂತ ಮಲಗಿದವಳಲ್ಲ ಪುಟ್ಟಿ. ಅಳಿಯಂದಿರ ಕಿವಿಗೆ ಮೊದಲು ಹಾಕೋಕೆ ಮನಸ್ಸಾಗಲಿಲ್ಲ. ಇದಕ್ಕೆ ಔಷಧಿ ಇದೆಯಂತೆ, ನಾಳೆ ಬೆಳಿಗ್ಗೆಯೇ ಪರೀಕ್ಷೆಗೆ ಹೋಗು, ನಾನು ಲ್ಯಾಬಿನ ಬಾಗಿಲಲ್ಲೇ ಕಾದಿರ್ತೇನೆ. ಅಲ್ಲಿವರೆಗೆ ಮಗು ಅತ್ತರೆ ಅಳಲಿ. ಬೆರಳು ಬಾಯಿಗೆ ಇಡಬೇಡ.