ಪೆಟ್ಟಿಗೆ ಸೇರಿ ಇಪ್ಪತ್ತು ಕೇಜಿ

ಆನೆಕೊಂಡ, ದಾವಣಗೆರೆ
8-3-1998, ಭಾನುವಾರ

ಮಸ್ಕತ್ತಿನಲ್ಲಿರುವ ಯಜಮಾನರಿಗೆ ಹುಲಿಗೆಮ್ಮ ಮಾಡುವ ನಮಸ್ಕಾರಗಳು.

ಮೊದಲು ನನ್ನ ಅಕ್ಷರಕ್ಕೆ ಕ್ಷಮೆ ಕೇಳಿಬಿಡುತ್ತೇನೆ. ಮಲೆಬೆನ್ನೂರಿನ ಶಾಲೆಯಲ್ಲಿ ನಾಲ್ಕನೇ ಕ್ಲಾಸು ಮುಗಿಸಿ ಪಾಟಿ ಕೆಳಗಿಟ್ಟವಳು ನಾನು. ಸಾಲು ನೆಟ್ಟಗೆ ಬರುವುದಿಲ್ಲ, ಒತ್ತಕ್ಷರ ಎಲ್ಲೆಲ್ಲೋ ಬೀಳುತ್ತವೆ. ನಾನು ಬರೆದುಕೊಡುತ್ತೇನೆ ಅಂತ ನಿಮ್ಮ ತಂಗಿ ಸುಷ್ಮಾ ಬಂದಿದ್ದಳು. ಬೇಡ ಅಂದೆ. ಅವಳು ಬರೆದರೆ ನಡುನಡುವೆ ತನಗೆ ಬೇಕಾದ ವಾಚು, ಸೆಂಟು ಎಲ್ಲ ಸೇರಿಸಿಬಿಡುತ್ತಾಳೆ. ತಪ್ಪಿದ್ದ ಕಡೆ ನೀವೇ ತಿದ್ದಿಕೊಂಡು ಓದಿ.

ನೀವು ಹೋಗಿ ನಾಲ್ಕು ವಾರವಾಯಿತು. ಇಷ್ಟು ತಡವಾದದ್ದಕ್ಕೆ ಕಾರಣ, ಏನಂತ ಕರೆದು ಬರೆಯಬೇಕೋ ತಿಳಿಯಲಿಲ್ಲ. ಎದುರಿಗೆ ಇದ್ದಾಗ ‘ನೋಡ್ರಿ’ ಅಂದರೆ ನೀವು ತಿರುಗುತ್ತಿದ್ದಿರಿ. ಕಾಗದದಲ್ಲೂ ‘ನೋಡ್ರಿ’ ಅಂತಲೇ ಶುರು ಮಾಡಿದೆ. ಸುಷ್ಮಾ ಅದನ್ನು ಓದಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ಹಾಳೆ ಒಲೆಗೆ ಹೋಯಿತು. ಆಮೇಲೆ ಮಾವನವರು ಅಂಚೆ ಕಚೇರಿಗೆ ಹೋಗಿ ವಿಚಾರಿಸಿಕೊಂಡು ಬಂದರು. ಹೊರದೇಶಕ್ಕೆ ಹೋಗುವ ಕಾಗದವನ್ನೂ ತೂಗುತ್ತಾರಂತೆ, ಭಾರವಾದರೆ ಹೆಚ್ಚು ಸ್ಟ್ಯಾಂಪು ಹಚ್ಚಬೇಕಂತೆ. ಮಾವನವರು ಅಲ್ಲಿಯ ಗುಮಾಸ್ತನನ್ನು, “ಕವರು ಸೇರಿಸಿ ತೂಗ್ತೀರೋ, ಬಿಟ್ಟು ತೂಗ್ತೀರೋ? ಈಗ್ಲೇ ಹೇಳಿಬಿಡ್ರಿ” ಅಂತ ಕೇಳಿದರಂತೆ. ಪೆಟ್ಟಿಗೆಯ ತೂಕದಲ್ಲಿ ಒಮ್ಮೆ ಕೈ ಸುಟ್ಟುಕೊಂಡಿದ್ದಾರಲ್ಲ, ಅದಕ್ಕೆ.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನೀವು ಎಸ್‌ಟಿಡಿ ಬೂತಿಗೆ ಫೋನು ಮಾಡಿದಾಗ ಮೂರು ಸಲವೂ ಮಾವನವರೇ ಮಾತಾಡಿದರು. ನಾನು ಗಾಜಿನ ಬಾಗಿಲ ಹೊರಗೆ ನಿಂತಿದ್ದೆ. ಅವರ ಬಾಯಿ ಅಲುಗುವುದು ಕಾಣುತ್ತಿತ್ತು. ಹೊರಗೆ ಬಂದು, “ಆರಾಮ ಅದಾನಂತೆ. ತೂಕದ ವಿಚಾರ ಕೇಳ್ದೆ, ನಗ್ತಾನೆ” ಅಂದರು. ನಗುವಷ್ಟು ಆರಾಮ ಇದ್ದೀರಿ ಅಂತ ತಿಳಿದು ನನಗೆ ಸಮಾಧಾನವಾಯಿತು. ಆದರೆ ಮನೆಯಲ್ಲಿ ಏನೇನು ನಡೆಯಿತು ಅನ್ನುವುದು ಮೂರು ನಿಮಿಷದ ಫೋನಿನಲ್ಲಿ ನಿಮಗೆ ಗೊತ್ತಾಗಿರಲಿಕ್ಕಿಲ್ಲ. ಅದನ್ನೇ ಬರೆಯುತ್ತೇನೆ.

ವಿಮಾನಕ್ಕೆ ಇಪ್ಪತ್ತೇ ಕೇಜಿ ಅಂತ ಸಾಮಾನು ತೂಗಿದ ಭಾನುವಾರ ನೀವು ಹರಿಹರದಲ್ಲಿ ಲೇಥ್ ವರ್ಕ್‌ಶಾಪಿನ ಗೆಳೆಯರಿಗೆ ಹೇಳಿಬರಲು ಹೋಗಿದ್ದಿರಿ. ಮಾವನವರು ದಲಾಲಿ ಅಂಗಡಿಯ ಸಾವ್ಕಾರ ಪಂಚಾಕ್ಷರಪ್ಪನವರಿಂದ ಬೀಗದ ಕೈ ಇಸಿದುಕೊಂಡು ಬಂದರು. ಆ ಅಂಗಡಿಯಲ್ಲೇ ಅಲ್ಲವೆ ಅವರು ಮೂವತ್ತು ವರ್ಷ ಮೆಕ್ಕೆಜೋಳ ತೂಗಿರುವುದು. ಸೂಟ್‌ಕೇಸನ್ನು ಸೈಕಲ್ಲಿನ ಕ್ಯಾರಿಯರ್‌ಗೆ ಕಟ್ಟಿದರು. ಸಾಮಾನಿನ ಬುಟ್ಟಿಗಳನ್ನು ಹೊತ್ತು ನಾನು, ಅತ್ತೆ, ಸುಷ್ಮಾ ಹಿಂದೆ ಹೊರಟೆವು. ದಾರಿಯಲ್ಲಿ ಒಬ್ಬರು, “ಏನು ಕುಬೇರಪ್ಪಾ, ಮನೆ ಬದಲಾಯಿಸ್ತೀಯಾ?” ಅಂದರು. ಅತ್ತೆ, “ನನ್ ಮಗ ವಿಮಾನದಾಗ ಹೊಂಟಾನ್ರಿ” ಅಂತ ಕೇಳದವರಿಗೂ ಹೇಳುತ್ತ ನಡೆದರು.

ಭಾನುವಾರವಾದ್ದರಿಂದ ಎಪಿಎಂಸಿ ಯಾರ್ಡು ಖಾಲಿಯಿತ್ತು. ಮಾವನವರು ಮೊದಲು ಖಾಲಿ ಸೂಟ್‌ಕೇಸನ್ನು ತೂಕಕ್ಕಿಟ್ಟರು. ಮದುವೆಯಲ್ಲಿ ನಮ್ಮಪ್ಪ ಕೊಟ್ಟದ್ದು, ಗಟ್ಟಿ ಪೆಟ್ಟಿಗೆ. ಐದು ಕೇಜಿ ಇನ್ನೂರು ಗ್ರಾಂ ಬಂತು. “ಇದು ವಜಾ, ಲೆಕ್ಕದಾಗ ಕಳೀಬೇಕು” ಅಂತ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದುಕೊಂಡರು. ಆಮೇಲೆ ನಿಮ್ಮ ಬಟ್ಟೆ ಕೂತವು. ಅತ್ತೆಯ ಶೇಂಗಾ ಚಟ್ನಿಪುಡಿಯ ಡಬ್ಬಿ, ಕಡಕ್ ರೊಟ್ಟಿಯ ಕಟ್ಟು, ನೀರು ಕುಡಿಯಲು ಮಾವನವರ ಹಿತ್ತಾಳೆ ಚಂಬು, ಸುಷ್ಮಾ ಕಟ್ಟು ಹಾಕಿಸಿದ ಮನೆಯವರೆಲ್ಲರ ಫೋಟೋ. ಕೊನೆಗೆ ನಾನು ಹೊಲಿದ ಕೌದಿ. ಮಸ್ಕತ್ತಿನ ಕೋಣೆಗಳಲ್ಲಿ ಮೆಷಿನ್ನು ಹಗಲು ರಾತ್ರಿ ತಣ್ಣಗೆ ಊದುತ್ತದೆ ಅಂತ ಕೇಳಿದ್ದೆ, ಅದಕ್ಕೆ ಹೊಲಿದಿದ್ದೆ. ಅದೊಂದೇ ಮೂರು ಕೇಜಿ ತೂಗಿತು. ದೊಡ್ಡದಿದೆಯಲ್ಲ, ಎಲ್ಲ ತೆಗೆದು ಅದನ್ನು ತಳಕ್ಕೆ ಹಾಸಿ ಮತ್ತೆ ತುಂಬಿದೆವು. ಸುಷ್ಮಾ ಮಂಡಕ್ಕಿಯ ಚೀಲವನ್ನೂ ತುರುಕಲು ನೋಡಿದಳು. “ಇದಕ್ಕೆ ತೂಕನೇ ಇಲ್ಲಪ್ಪಾ.” “ತೂಕ ಇಲ್ಲ, ಜಾಗ ಐತಾ? ಅವನ ಅಂಗಿ ತೆಗೆದು ಮಂಡಕ್ಕಿ ಉಡಿಸಿ ಕಳಿಸ್ಲಾ?” ಅಂದರು ಮಾವನವರು. ಮಂಡಕ್ಕಿಯನ್ನು ನಾವು ಅಲ್ಲೇ ಕೂತು ತಿಂದು ಖಾಲಿ ಮಾಡಿದೆವು.

ಮುಳ್ಳು ಇಪ್ಪತ್ತೈದು ಇನ್ನೂರಕ್ಕೆ ಬಂದು ನಿಂತಿತು. ಮಾವನವರು ಕೈ ಝಾಡಿಸಿಕೊಂಡು, “ಪೆಟ್ಟಿಗೆ ವಜಾ, ಮಾಲು ಇಪ್ಪತ್ತು. ಬರೋಬರಿ” ಅಂದರು.

ಸುಷ್ಮಾ ಕೇಳಿದಳು: “ಅಪ್ಪಾ, ವಿಮಾನದೋರೂ ವಜಾ ಮಾಡ್ತಾರಾ?”

“ಹುಚ್ಚಿ, ತೂಕ ಅಂದ್ರೆ ಮಾಲಿನ ತೂಕ. ಚೀಲನ ಯಾರಾದ್ರೂ ಮಾಲಿನ ಲೆಕ್ಕಕ್ಕೆ ಹಿಡೀತಾರೇನು? ಹಂಗೆ ಹಿಡಿದ್ರೆ ಖರೀದಿದಾರ ಸುಮ್ನಿರ್ತಾನಾ? ಮೂವತ್ತು ವರ್ಷದಾಗ ನನ್ನ ತೂಕದ ಮ್ಯಾಲೆ ಒಂದು ತಕರಾರು ಬಂದಿಲ್ಲ. ಅಷ್ಟಕ್ಕೂ ಜಾಸ್ತಿ ಆದ್ರೆ ಆ ಕೌದಿ ತೆಗೆದ್ರಾತು, ಅದೇ ಭಾರ.”

ಅಲ್ಲಿಗೆ ಮಾತು ಮುಗಿಯಿತು. ಮರುದಿನ ನೀವೂ, ನಿಮ್ಮನ್ನು ವಿಮಾನಕ್ಕೆ ಹತ್ತಿಸಿ ಬರಲು ನಿಮ್ಮ ಗೆಳೆಯ ಹಿದಾಯತ್ ಅವರೂ ಹರಿಹರದಿಂದ ಬಾಂಬೆ ಬಸ್ಸು ಹತ್ತಿದಿರಿ.

ಅದರ ಮುಂದಿನ ಭಾನುವಾರ ಹಿದಾಯತ್ ಅವರು ಬಾಂಬೆಯಿಂದ ವಾಪಸು ಬಂದು, ಒಂದು ಬಟ್ಟೆಯ ಚೀಲ ಹಿಡಿದು ಮನೆಗೆ ಬಂದರು. ಅತ್ತೆಗೆ ಆ ಚೀಲ ನೋಡಿ ಬಹಳ ಖುಷಿಯಾಯಿತು. ನೀವು ಬಾಂಬೆಯಲ್ಲಿ ನಮಗೆ ಏನೋ ಕೊಡಿಸಿ ಕಳಿಸಿದ್ದೀರಿ ಅಂದುಕೊಂಡರು. ಕೈ ಹಾಕಿ ಮೊದಲು ತೆಗೆದದ್ದೇ ಅವರ ಚಟ್ನಿಪುಡಿಯ ಡಬ್ಬಿ. ಆಮೇಲೆ ರೊಟ್ಟಿಯ ಕಟ್ಟು, ಚಂಬು, ಫೋಟೋ. ಫೋಟೋದಲ್ಲಿ ನಾವೆಲ್ಲ ಸಾಲಾಗಿ ನಿಂತು ನಮ್ಮನ್ನೇ ನೋಡುತ್ತಿದ್ದೆವು.

ಹಿದಾಯತ್ ಹೇಳಿದರು: “ಕಾಕಾ, ಏರ್‌ಪೋರ್ಟ್‌ನಾಗ ನನ್ನನ್ನ ಒಳಗೆ ಬಿಡ್ಲಿಲ್ಲ, ಗಾಜಿನ ಹೊರಗೆ ನಿಂತಿದ್ದೆ. ಅರ್ಧ ತಾಸಿಗೆ ನಿಮ್ ಸಿದ್ದೇಶಿ ಬೆವರು ಸುರಿಸ್ಕೊಂಡು ಬಾಗಿಲ ತಾವ ಬಂದ. ಐದು ಕೇಜಿ ಜಾಸ್ತಿ ಐತಂತೆ. ಎರಡು ಕೇಜಿಗೆ ಅವರು ಕೇಳೋ ರೊಕ್ಕದಾಗ ಇಲ್ಲಿ ಒಂದು ಕ್ವಿಂಟಲ್ ಮೆಕ್ಕೆಜೋಳ ಬರ್ತೈತೆ. ಅಲ್ಲೇ ನೆಲದ ಮ್ಯಾಲೆ ಪೆಟ್ಟಿಗೆ ಬಿಚ್ಚಿ ಇಷ್ಟು ತೆಗೆದನಂತೆ.”

“ಯಾವನವನು ತೂಗಿದೋನು? ತೂಕದ ಕಾಟಾಕ್ಕೆ ಸರ್ಕಾರದ ಮುದ್ರೆ ಐತೇನು?” ಅಂದರು ಮಾವನವರು.

“ಹುಡುಗಿ ಅಂತೆ ಕಾಕಾ.”

“ಹುಡುಗಿ ಆದ್ರೇನು, ಪೆಟ್ಟಿಗೆ ವಜಾ ಮಾಡೋದು ಕಲಿಸಿಲ್ವಾ ಅವಳಿಗೆ?”

“ಪೆಟ್ಟಿಗೆ ಸೇರಿನೇ ಇಪ್ಪತ್ತು ಕಾಕಾ. ಜಗತ್ತಿನಾಗೆಲ್ಲ ಹಂಗೇ” ಅಂದು ಹಿದಾಯತ್ ನನ್ನ ಕಡೆ ಒಮ್ಮೆ ನೋಡಿದರು. ಆಮೇಲೆ ಚಹಾ ಕುಡಿಯುತ್ತ ಕೂತರು.

ಮಾವನವರು ಅಷ್ಟಕ್ಕೆ ಬಿಡಲಿಲ್ಲ. ಸೋಮವಾರ ಆ ಚೀಲವನ್ನು ಅಂಗಡಿಗೆ ಒಯ್ದು ತೂಗಿದರು. ಐದು ಕೇಜಿ ಮುನ್ನೂರು ಬಂತು. ಬಟ್ಟೆ ಚೀಲದ ನೂರು ಗ್ರಾಂ ವಜಾ ಮಾಡಿ, “ನೋಡ್ರಿ, ಐದು ಇನ್ನೂರು. ನನ್ನ ತೂಕ ಒಂದು ಗ್ರಾಂ ತಪ್ಪಿಲ್ಲ, ಅವರ ಪದ್ಧತಿ ತಪ್ಪೈತೆ” ಅಂತ ಯಾರ್ಡಿನಲ್ಲೆಲ್ಲ ಹೇಳಿಕೊಂಡು ಬಂದರು. ಈಗ ಹಮಾಲರೆಲ್ಲ ಅವರನ್ನು ವಿಮಾನದ ಕುಬೇರಪ್ಪ ಅನ್ನುತ್ತಾರೆ. ಅವರಿಗೆ ಸಿಟ್ಟೇನಿಲ್ಲ, ಒಳಗೊಳಗೇ ಇಷ್ಟವಾಗಿದೆ.

ರೊಟ್ಟಿ ಎಲ್ಲ ಮುರಿದು ಚೂರಾಗಿತ್ತು. ಅತ್ತೆ ಅದನ್ನು ಓಣಿಯ ಹುಡುಗರಿಗೆ ಹಂಚಿದರು. “ತಿನ್ರೋ, ಮಸ್ಕತ್ತಿಗೆ ಹೋಗಿ ಬಂದ ರೊಟ್ಟಿ.” ಸುಷ್ಮಾ, “ಬರೀ ಬಾಂಬೆಗೆ ಹೋಗಿತ್ತವ್ವಾ” ಅಂದಳು. “ವಿಮಾನ ನೋಡೈತೋ ಇಲ್ಲೋ? ನೀ ನೋಡೀಯೇನು?” ಅಂತ ಅವಳ ಬಾಯಿ ಮುಚ್ಚಿಸಿದರು.

ಹೀಗೆ ನಗಿಸುತ್ತಾರೆ. ಆದರೆ ಮೂರು ವಾರದಿಂದ ಅತ್ತೆ ನನ್ನ ಜೊತೆ ಸರಿಯಾಗಿ ಮಾತಾಡುತ್ತಿಲ್ಲ. ಬೈಯುವುದಿಲ್ಲ. ಬೈದರೆ ಸಾಕಿತ್ತು. ನನಗೆ ಹೇಳಬೇಕಾದದ್ದನ್ನು ಸುಷ್ಮಾಳಿಗೆ ಹೇಳುತ್ತಾರೆ. ನಾನು ಪಕ್ಕದಲ್ಲೇ ಹಿಟ್ಟು ನಾದುತ್ತಿದ್ದರೂ, “ನಿಮ್ಮತ್ತಿಗೆಗೆ ಹೇಳು, ನೀರು ಜಾಸ್ತಿ ಆತು” ಅನ್ನುತ್ತಾರೆ. ಕಾರಣ ನಿಮಗೆ ತಿಳಿದೇ ಇದೆ. ಎಲ್ಲರದೂ ವಾಪಸು ಬಂತು, ನನ್ನ ಕೌದಿ ಮಾತ್ರ ಬರಲಿಲ್ಲ. ಪಕ್ಕದ ಮನೆಯ ಗುರುಶಾಂತಮ್ಮನ ಮುಂದೆ ಅತ್ತೆ ಅಂದದ್ದು ನನ್ನ ಕಿವಿಗೂ ಬಿತ್ತು: “ಹೆತ್ತವ್ವನ ಚಟ್ನಿ ಭಾರ ಆತು ಅವನಿಗೆ. ಹೆಂಡ್ತಿ ಮೂರು ಕೇಜಿ ಕೌದಿ ಹಗುರಾತು. ಹೋಗ್ಲಿ ಬಿಡು, ಹೊದ್ಕೊಂಡು ತಿನ್ಲಿ.”

ನಾಚಿಕೆಯಾಯಿತು. ಸುಳ್ಳು ಯಾಕೆ ಹೇಳಲಿ, ಒಳಗೆ ಸಂತೋಷವೂ ಆಯಿತು. ಆದರೆ ಒಂದು ಅನುಮಾನ ಕಾಡುತ್ತದೆ. ಕೌದಿ ಪೆಟ್ಟಿಗೆಯ ತಳದಲ್ಲಿತ್ತು. ನೀವು ಬೇಕು ಅಂತಲೇ ಅದನ್ನು ಇಟ್ಟುಕೊಂಡಿರೋ, ಅವಸರದಲ್ಲಿ ಮೇಲಿದ್ದುದನ್ನಷ್ಟೇ ತೆಗೆದಿರೋ? ಮೇಲಿದ್ದುದನ್ನು ತೆಗೆದದ್ದಾದರೆ ಅತ್ತೆಗೆ ಹಾಗೆಂದು ಬರೆಯಿರಿ, ಅವರಿಗೆ ಸಮಾಧಾನವಾಗುತ್ತದೆ. ಬೇಕು ಅಂತ ಇಟ್ಟುಕೊಂಡದ್ದಾದರೂ ಅತ್ತೆಗೆ ಹಾಗೆಯೇ ಬರೆಯಿರಿ, ಮೇಲಿದ್ದದ್ದನ್ನು ತೆಗೆದೆ ಅಂತ. ನನಗೆ ಬೇರೆ ಕಾಗದ ಬರೆದರಾಯಿತು.

ಹೊತ್ತಿಗೆ ಸರಿಯಾಗಿ ಊಟ ಮಾಡಿ. ಮೆಷಿನ್ನಿನ ಹತ್ತಿರ ಕೈ ಜೋಪಾನ. ದುಗ್ಗಮ್ಮ ತಾಯಿ ನಿಮ್ಮ ಬೆನ್ನಿಗಿರಲಿ, ಕೆಲಸದಲ್ಲಿ ಹೆಸರು ಬರಲಿ. ಮಾವನವರು ಆಶೀರ್ವಾದ ಹೇಳಿದ್ದಾರೆ. ಸುಷ್ಮಾ ಕೊನೆಗೂ ವಾಚು ಅಂತ ಬರೆಯಿಸಿಯೇ ಬಿಟ್ಟಳು.

ಇತಿ ನಿಮ್ಮ
ಹುಲಿಗೆಮ್ಮ

ವಿ.ಸೂ. ಇದನ್ನು ಸೋಮವಾರ ಬೆಳಿಗ್ಗೆ ಬರೆಯುತ್ತಿದ್ದೇನೆ. ನಿನ್ನೆ ಕಾಗದ ಮುಗಿಸಿ ಮಡಚಿಟ್ಟಿದ್ದೆ. ಮುಖ್ಯವಾದದ್ದನ್ನೇ ಬರೆದಿರಲಿಲ್ಲ.

ತೂಕದ ಹಿಂದಿನ ದಿನ, ಶನಿವಾರ ಸಂಜೆ, ಹಿದಾಯತ್ ಅವರು ಮನೆಗೆ ಬಂದಿದ್ದರು. ನಾನೊಬ್ಬಳೇ ಇದ್ದೆ. ಬಾಗಿಲಲ್ಲೇ ನಿಂತು, “ಅಕ್ಕಾ, ಜೆದ್ದಾದಾಗಿರೋ ನಮ್ಮ ಮಾಮ ಹೇಳ್ಯಾರೆ. ಪೆಟ್ಟಿಗೆ ಸೇರಿ ಇಪ್ಪತ್ತು ಕೇಜಿ. ಕಾಕಾರಿಗೆ ಮರೀದೆ ಹೇಳ್ರಿ” ಅಂದರು. ಹೂಂ ಅಂದೆ. ಹೇಳಬೇಕು ಅಂತಲೇ ಇದ್ದೆ. ಮರುದಿನ ಯಾರ್ಡಿನಲ್ಲಿ ಸುಷ್ಮಾ ಕೇಳಿದಾಗ ಮಾತು ನನ್ನ ಗಂಟಲಿಗೆ ಬಂದಿತ್ತು. ಅಷ್ಟರಲ್ಲಿ ಮಾವನವರು, ಜಾಸ್ತಿಯಾದರೆ ಕೌದಿ ತೆಗೆಯಿರಿ ಅಂದರು. ನಾನು ಬಾಯಿ ಮುಚ್ಚಿಕೊಂಡೆ. ಮಾತಾಡದವಳು ಅಂತ ಎಲ್ಲರಿಗೂ ನಾನು ಗೊತ್ತು, ಯಾರಿಗೂ ಅನುಮಾನ ಬರಲಿಲ್ಲ. ಆದರೆ ಅವತ್ತು ಸುಮ್ಮನಿದ್ದದ್ದು ನಾಚಿಕೆಯಿಂದಲ್ಲ. ಕೌದಿ ನಿಮ್ಮ ಜೊತೆ ಬರಲಿ ಅಂತ. ಅಷ್ಟು ಜನರ ನಡುವೆ ನೀವು ನೆಲದ ಮೇಲೆ ಕೂತು ಪೆಟ್ಟಿಗೆ ಬಿಚ್ಚಿದ್ದು, ಬೆವರಿದ್ದು, ಅತ್ತೆಯ ಡಬ್ಬಿ ತಿರುಗಿ ಬಂದದ್ದು ಎಲ್ಲ ನನ್ನಿಂದ. ಚೀಲ ತಂದ ದಿನ ಹಿದಾಯತ್ ಅವರು ಹೊರಡುವಾಗ, “ನಾನು ಅವನಿಗೇನೂ ಹೇಳಿಲ್ಲ ಅಕ್ಕಾ, ನೀವೂ ಬಿಟ್ಟುಬಿಡ್ರಿ” ಅಂದರು. ಬಿಡಲು ಆಗಲಿಲ್ಲ. ತಾಯಿಯನ್ನು ಮರೆತ ಮಗ ಅಂತ ನಿಮಗೆ ಹೆಸರು ಬರುತ್ತಿದೆ, ನಾನು ಪಕ್ಕದಲ್ಲಿ ಹಿಟ್ಟು ನಾದುತ್ತಿದ್ದೇನೆ.

ಇವತ್ತು ಬೆಳಿಗ್ಗೆ ಮಾವನವರು ಯಾರ್ಡಿಗೆ, ಸುಷ್ಮಾ ಕಾಲೇಜಿಗೆ ಹೋದ ಮೇಲೆ ಅತ್ತೆಗೆ ಎಲ್ಲವನ್ನೂ ಹೇಳಿದೆ. ಅವರು ಅಕ್ಕಿ ಆರಿಸುತ್ತಿದ್ದರು, ಮೊರ ಕೆಳಗಿಟ್ಟರು.

“ಮೂರು ವಾರದಿಂದ ನನ್ ಮಗನ್ನ ಬೈಕೋತ ಕುಂತೀನಿ. ನೀ ಕೇಳ್ಕೋತ ಇದ್ದಿ” ಅಂದರು.

“ಹೂಂ ಅತ್ತೆ.”

“ಮಾತಾಡಲ್ಲ, ಸಾಧು ಹುಡುಗಿ ಅಂತ ಹುಡುಕಿ ತಂದ್ಕೊಂಡೆ. ನನಗಿಂತ ಜೋರು ಅದೀಯ ನೀನು.”

ನಾನು ಅಳತೊಡಗಿದೆ. ಅವರು ಸಮಾಧಾನ ಮಾಡಲಿಲ್ಲ. “ಕಾಗದ ಕಳಿಸಿ ಆತಾ?” ಅಂತ ಕೇಳಿದರು. ಇಲ್ಲ ಅಂದೆ. “ಹಂಗಾದ್ರೆ ಇದನ್ನೂ ಬರಿ. ನಾನು ಅವನಿಗೆ ಅಂದಿದ್ದೆಲ್ಲ ವಾಪಸ್ ತಗೊಂಡೀನಿ ಅಂತ ಬರಿ. ನಿನ್ನ ವಿಚಾರ ಆಮ್ಯಾಲೆ ನೋಡ್ಕೋತೀನಿ.”

ಹಾಗೆಂದವರು ಎದ್ದು ಹೋಗಿ ಕೊಬ್ಬರಿ ಎಣ್ಣೆಯ ಬಾಟಲಿ, ಬಾಚಣಿಗೆ ತಂದು ನನ್ನ ಕೈಗೆ ಕೊಟ್ಟು, ಬೆನ್ನು ತಿರುಗಿಸಿ ಕೂತರು. ಮೂರು ವಾರದಿಂದ ನನ್ನ ಕೈಗೆ ತಲೆ ಕೊಟ್ಟಿರಲಿಲ್ಲ, ಕೂದಲು ಬಹಳ ಸಿಕ್ಕಾಗಿತ್ತು. ನೋಯದ ಹಾಗೆ ಬಿಡಿಸಿ, ಎಣ್ಣೆ ಹಚ್ಚಿ, ತುರುಬು ಕಟ್ಟಿದೆ.