ಜೇನಿನ ಪೆಟ್ಟಿಗೆಗೆ ಸುತ್ತಿದ್ದು

ಮನೆಯಿಂದ,
ಮಂಗಳವಾರ, ಜನವರಿ ೨೧

ಪ್ರೀತಿಯ ಪುಟ್ಟಾ,

ಹೇಗಿದ್ದೀಯೋ? ಕೆಮ್ಮು ಬಿಟ್ಟಿತಾ? ಹೋದ ಸಲ ಬಂದಾಗ ಎದೆಯೆಲ್ಲ ಗೊರಗೊರ ಅನ್ನುತ್ತಿತ್ತು, ಅಮ್ಮನಿಗೆ ಇನ್ನೂ ಅದೇ ಚಿಂತೆ. ನಿನ್ನ ಫೋನಂತೂ ಯಾವಾಗ ಮಾಡಿದರೂ ಆಫ್. ಯಾರದೋ ನಂಬರಿನಿಂದ ಅಮ್ಮನ ಹತ್ತಿರ ಮಾತಾಡಿ, ಶನಿವಾರ ಬೆಳಗಿನ ರೈಲಿಗೆ ಬರುತ್ತೇನೆ ಅಂದೆಯಂತೆ. ಅಷ್ಟಕ್ಕೇ ಅಮ್ಮನ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ಮಂಡಿ ನೋವು ಅಂತ ಹೊಸಿಲು ದಾಟದವಳು, ನಿನ್ನನ್ನು ಕರೆತರಲು ಸ್ಟೇಷನ್ ಗೇಟಿನ ಹೊರಗೇ ಬಂದು ನಿಲ್ಲುತ್ತಾಳಂತೆ. ನಾನು ದಿನಾ ಅಲ್ಲೇ ದುಡಿದು ಬರುತ್ತೇನೆ, ನನಗೆ ಒಂದು ದಿನವೂ ಈ ಮರ್ಯಾದೆ ಸಿಕ್ಕಿಲ್ಲ ಬಿಡು.

"ಜೇನಿಗೆ ಪಾಠ ಹೇಳೋ ಟೀಚರಮ್ಮ" ಅಂತ ರೇಗಿಸಿದ್ದೆಯಲ್ಲ, ಕೆಲಸ ಏನು ಅಂತ ಪೂರ್ತಿ ಕೇಳಲೇ ಇಲ್ಲ. ಬಸ್ ನಿಲ್ದಾಣದಲ್ಲಿ ಬಾಂಬು ಸಿಡಿದು ಪಕ್ಕದ ಮನೆ ದರ್ಜಿಯ ಕಾಲು ಹೋಯಿತಲ್ಲ, ಆಮೇಲೆ ಶುರುವಾದ ಕೆಲಸ ಇದು. ಜೇನುಹುಳುಗಳನ್ನು ಸ್ವಲ್ಪ ಹೊತ್ತು ಫ್ರಿಜ್ಜಿನಲ್ಲಿಟ್ಟರೆ ಮಂಕಾಗುತ್ತವೆ. ಆಗ ಒಂದೊಂದನ್ನೂ ತಲೆ ಮಾತ್ರ ಹೊರಗಿರುವ ಹಾಗೆ ಸಣ್ಣ ಕೊಳವೆಯಲ್ಲಿ ಕೂರಿಸುತ್ತೇನೆ. ಸಿಡಿಮದ್ದಿನ ವಾಸನೆ ತೋರಿಸುವುದು, ಹಿಂದೆಯೇ ಒಂದು ತೊಟ್ಟು ಸಕ್ಕರೆ ಪಾಕ ಕೊಡುವುದು. ನಾಲ್ಕಾರು ಸಲಕ್ಕೆ ಕಲಿತುಬಿಡುತ್ತವೆ. ಆಮೇಲೆ ಆ ವಾಸನೆ ಬಂದರೆ ಸಾಕು, ಪಾಕದ ಆಸೆಗೆ ನಾಲಿಗೆ ಚಾಚುತ್ತವೆ. ಸ್ಟೇಷನ್ ಗೇಟಿನಲ್ಲಿ ಒಳಹೋಗುವ, ಹೊರಬರುವ ಒಬ್ಬೊಬ್ಬರ ಚೀಲದ ಗಾಳಿಯನ್ನೂ ಪೆಟ್ಟಿಗೆಯೊಳಗೆ ಎಳೆಯುತ್ತೇವೆ. ನಾಲಿಗೆ ಹೊರಬಂದರೆ ನಾನು ಬೆಲ್ ಒತ್ತಬೇಕು. ಪಾಪದ ಹುಳುಗಳು, ಸಂಜೆ ಗೂಡಿಗೆ ಬಿಡುವಾಗ ನನಗೇ ಸಮಾಧಾನವಾಗುತ್ತದೆ.

ಕಳೆದ ಶುಕ್ರವಾರ ಒಂದು ಅನಾಹುತವಾಯಿತು. ಕೊರೆಯುವ ಚಳಿ. ಹುಳುಗಳು ಸೆಟೆದುಕೊಂಡಾವು ಅಂತ ಮನೆಯಿಂದ ಒಂದು ಉಣ್ಣೆ ಬಟ್ಟೆ ಒಯ್ದು ಪೆಟ್ಟಿಗೆಗೆ ಸುತ್ತಿದ್ದೆ. ಮೊದಲು ಬಂದವರು ಒಬ್ಬ ಮುದುಕರು. ಗಾಳಿ ಎಳೆಯುತ್ತಲೇ ಹುಳುಗಳೆಲ್ಲ ಒಟ್ಟಿಗೆ ನಾಲಿಗೆ ಚಾಚಿದವು. ಬೆಲ್ ಒತ್ತಿದೆ. ಕಾವಲಿನವರು ಅವರನ್ನು ನೆಲಕ್ಕೆ ಕೆಡವಿ ಬೆನ್ನ ಮೇಲೆ ಮಂಡಿಯೂರಿದರು. ಚೀಲ ಬೋರಲು ಹಾಕಿದರೆ ಒಂದು ಲುಂಗಿ, ಒಂದಿಷ್ಟು ಮಾತ್ರೆ. "ಸಕ್ಕರೆ ಕಾಯಿಲೆದು ಕಣಪ್ಪಾ, ತುಳೀಬೇಡಿ" ಅಂತ ಗೋಗರೆಯುತ್ತಿದ್ದರು. ಚೀಲ ಆಚೆ ಒಯ್ದ ಮೇಲೂ ಹುಳುಗಳು ನಾಲಿಗೆ ಒಳಗೆಳೆದುಕೊಳ್ಳಲಿಲ್ಲ. ಹುಳುಗಳೇ ಕೆಟ್ಟಿವೆ ಅಂದರು ಮೇಲಿನವರು. ನಾನೂ ಹೌದು ಅಂದೆ. ಮಾತ್ರೆಗಳನ್ನು ಆಯ್ದುಕೊಡಲು ಬಗ್ಗಿದರೆ ಮುದುಕರು ನನ್ನನ್ನು ಕಂಡು ಹಿಂದೆ ಸರಿದರು, ಪುಟ್ಟಾ.

ಅಮ್ಮ ನಿನ್ನ ಹಾಸಿಗೆ ಬಿಸಿಲಿಗೆ ಹಾಕಿ ಬಡಿಯುತ್ತಿದ್ದಾಳೆ. ನಿನ್ನ ತಲೆ ಸವರಿದೆ ಅಂತ ಬರಿ ಅಂದಳು, ಬರೆದಿದ್ದೇನೆ. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಅಕ್ಕ

ತಾ.ಕ.: ಅಮ್ಮ ಒಳಗೆ ಬರುವುದರೊಳಗೆ ಇದನ್ನು ಬರೆದುಬಿಡುತ್ತೇನೆ. ಅವತ್ತು ಪೆಟ್ಟಿಗೆಗೆ ಸುತ್ತಿದ್ದು ನೀನು ಹೋದ ಸಲ ಬಿಟ್ಟುಹೋದ ಸ್ವೆಟರ್. ಅದನ್ನು ಬಿಚ್ಚಿದ ಕೂಡಲೇ ನಾಲಿಗೆಗಳು ಒಳಗೆ ಹೋದವು, ನಾನೊಬ್ಬಳೇ ನೋಡಿದೆ. ನಂಬಲಾಗಲಿಲ್ಲ. ಹೊಸದಾಗಿ ಕಲಿಸಿದ ಹುಳುಗಳಿಗೆ ಅಮ್ಮನ ಶಾಲು ತೋರಿಸಿದೆ, ಸುಮ್ಮನಿದ್ದವು. ನಿನ್ನ ಸ್ವೆಟರ್ ತೋರಿಸಿದೆ, ಚಾಚಿದವು. ಒಗೆದು ಒಣಗಿಸಿ ತೋರಿಸಿದೆ, ಆಗಲೂ ಚಾಚಿದವು. ಬಣ್ಣದ ಅಂಗಡಿಯಲ್ಲಿ ಕೆಲಸ ಅಂದಿದ್ದೆಯಲ್ಲ, ಅದಕ್ಕೇ ಇರಬೇಕು ಅಂತ ಆಸೆಯಿಂದ ಬಣ್ಣದ ಡಬ್ಬಿಗಳನ್ನೂ ತಂದು ಮುಚ್ಚಳ ತೆಗೆದಿಟ್ಟೆ. ಒಂದು ಹುಳುವೂ ಮಿಸುಕಲಿಲ್ಲ. ನನಗೆ ಭಯವಾಗುತ್ತಿದೆ ಕಣೋ. ಇನ್ನೂ ಯಾರಿಗೂ ಹೇಳಿಲ್ಲ. ಶನಿವಾರದ ಒಳಗೆ ನೀನೇ ಫೋನ್ ಮಾಡಿ ನಿಜ ಹೇಳು, ಯಾರ ಹತ್ತಿರ ಹೋಗಬೇಕೋ ಇಬ್ಬರೂ ಕೈ ಹಿಡಿದುಕೊಂಡೇ ಹೋಗೋಣ. ಮಾಡದಿದ್ದರೆ, ಶನಿವಾರ ನಾನು ರಜೆ ಹಾಕುವುದಿಲ್ಲ. ಗೇಟಿನಲ್ಲಿ ನಾನೇ ಇರುತ್ತೇನೆ. ಅವು ನಾಲಿಗೆ ಚಾಚಿದರೆ ಬೆಲ್ ಒತ್ತುತ್ತೇನೆ. ಅಮ್ಮ ಹೊರಗೇ ನಿಂತಿರುತ್ತಾಳೆ, ಗೊತ್ತಿರಲಿ.